ಫ್ರಾನ್ಸ್ ಲಿಸ್ಟ್ ಮತ್ತು ಸವೆದ ಸುತ್ತಿಗೆಗಳು

ನೀವು ಶಿಗ್ಗಾವಿ, ಗೊಟಗೋಡಿ ಕಡೆಯವರಾಗಿದ್ದರೆ ಡೊಳ್ಳಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ರಾತ್ರಿಯೆಲ್ಲ ಬಾರಿಸಿದ ಡೊಳ್ಳಿನ ಹಗ್ಗವನ್ನು ಮತ್ತೆ ಬಿಗಿಯದೆ ಅದರಿಂದ ಒಳ್ಳೆಯ ನಾದ ಹೊರಡದು. ಪಿಯಾನೊ ಕೂಡ ಬಡಿತದ ವಾದ್ಯವೇ ಎಂದರೆ ನಿಮಗೆ ಆಶ್ಚರ್ಯವಾದೀತು. ಕೀ ಒತ್ತಿದಾಗ ಒಳಗೆ ಒಂದು ಪುಟ್ಟ ಸುತ್ತಿಗೆ ಮೇಲೆದ್ದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಈ ಸುತ್ತಿಗೆಗಳನ್ನು ಲೋಕದಲ್ಲಿ ಬಹುಶಃ ಎಲ್ಲರಿಗಿಂತ ಹೆಚ್ಚು ದಣಿಸಿದವರು, ಕೊನೆಗೆ ಪಾದ್ರಿಯ ನಿಲುವಂಗಿ ತೊಟ್ಟ ಫ್ರಾನ್ಸ್ ಲಿಸ್ಟ್.

ಲಿಸ್ಟ್ ಹುಟ್ಟಿದ್ದು 1811ರ ಅಕ್ಟೋಬರ್ 22ರಂದು, ಆಗ ಹಂಗೇರಿಗೆ ಸೇರಿದ್ದ ರೈಡಿಂಗ್ ಎಂಬ ಹಳ್ಳಿಯಲ್ಲಿ. ತಂದೆ ಒಬ್ಬ ಸಿರಿವಂತ ಮನೆತನದ ಜಮೀನು ನೋಡಿಕೊಳ್ಳುತ್ತಿದ್ದರು. ಹನ್ನೆರಡರ ವಯಸ್ಸಿನಲ್ಲಿ ಪ್ಯಾರಿಸ್ ಸೇರಿದ ಬಾಲಕನಿಗೆ ಪಿಯಾನೊ ತಯಾರಕರಾದ ಎರಾರ್ ಮನೆತನದವರ ಆಸರೆ ಸಿಕ್ಕಿತು. 1827ರಲ್ಲಿ ತಂದೆ ತೀರಿಕೊಂಡ ಮೇಲೆ ಗುರುವಾಗಬೇಕೆಂಬ ಆಸೆ ಬಲವಾಯಿತು, ತಾಯಿ ಒಪ್ಪಲಿಲ್ಲ.

ಮುಂದೆ ಅವರು ಯೂರೋಪಿನ ಊರೂರು ಸುತ್ತಿ ನುಡಿಸಿದರು. ಆ ಕಾಲದ ಪಿಯಾನೊಗಳ ಚೌಕಟ್ಟು ಬಹುಮಟ್ಟಿಗೆ ಮರದ್ದು, ಸುತ್ತಿಗೆಗಳಿಗೆ ಹೆಚ್ಚಾಗಿ ಚರ್ಮದ ಹೊದಿಕೆ. ಲಿಸ್ಟರ ಕೈಬಲಕ್ಕೆ ಅವು ತಾಳಲಿಲ್ಲ. 1838ರಲ್ಲಿ ಹಂಗೇರಿಯ ಪೆಸ್ಟ್ ನಗರ ಪ್ರವಾಹಕ್ಕೆ ಸಿಕ್ಕಾಗ, ಸಂತ್ರಸ್ತರಿಗಾಗಿ ಅವರು ವಿಯೆನ್ನಾದಲ್ಲಿ ಕಛೇರಿ ನಡೆಸಿದರು. ತಂತಿಗಳು ಹರಿದವು, ಸುತ್ತಿಗೆಗಳು ಮುರಿದವು. ಒಂದು ವಾದ್ಯ ಕೈಕೊಟ್ಟರೆ ಇನ್ನೊಂದಕ್ಕೆ ಹೋಗಿ ಕೂರಬೇಕಾಯಿತು. ಲಿಸ್ಟರ ಹೊಡೆತ ತಾಳಿಕೊಂಡಿತೆಂಬುದೇ ಬೋಸೆಂಡಾರ್ಫರ್ ಪಿಯಾನೊಗೆ ದೊಡ್ಡ ಹೆಸರು ತಂದಿತು.

1826ರಲ್ಲಿ ಪ್ಯಾರಿಸಿನ ಪಾಪ್ ಎಂಬ ತಯಾರಕರು ಚರ್ಮದ ಬದಲು ಒತ್ತಿದ ಉಣ್ಣೆಯ ಹೊದಿಕೆಗೆ ಹಕ್ಕುಪತ್ರ ಪಡೆದಿದ್ದರು. (ನಮ್ಮ ಕಂಬಳಿಯ ಉಣ್ಣೆಯನ್ನು ಗಟ್ಟಿಯಾಗಿ ಒತ್ತಿದಂತೆ ಎಂದುಕೊಳ್ಳಿ.) ಕ್ರಮೇಣ ಎಲ್ಲೆಡೆ ಅದೇ ಬಂತು. ಆದರೆ ಉಣ್ಣೆಯೂ ಸವೆಯುತ್ತದೆ. ಶಾಲೆಯಲ್ಲೋ ದೇವಾಲಯದಲ್ಲೋ ದಿನವಿಡೀ ನುಡಿಸುವ ಪಿಯಾನೊ ತೆರೆದು ನೋಡಿ: ಸುತ್ತಿಗೆಯ ಮೂತಿಯಲ್ಲಿ ತಂತಿಗಳು ಗೀರಿದ ಕುಳಿಗಳು ಕಾಣುತ್ತವೆ, ನಡುವಿನ ಸ್ವರಗಳಲ್ಲಂತೂ ಹೆಚ್ಚು. ಮೂತಿ ಚಪ್ಪಟೆಯಾಗಿ ಉಣ್ಣೆ ಗಡುಸಾದರೆ ನಾದ ತಗಡು ಬಡಿದಂತಾಗುತ್ತದೆ. ಆಗ ಕೆಲಸ ಬಲ್ಲವರು ಮರಳುಕಾಗದದಿಂದ ತೆಳುವಾಗಿ ಉಜ್ಜಿ, ಮೂತಿಗೆ ಮೊಟ್ಟೆಯ ಆಕಾರ ಮರಳಿಸುತ್ತಾರೆ. ಆಮೇಲೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಉಣ್ಣೆಯನ್ನು ಮೆದುಮಾಡುತ್ತಾರೆ. ಅತಿಯಾಗಿ ಚುಚ್ಚಿದರೆ ಸುತ್ತಿಗೆ ಕೆಟ್ಟಿತು. ಉಜ್ಜಿದಷ್ಟೂ ಉಣ್ಣೆ ಕಡಿಮೆಯಾಗುವುದರಿಂದ ಒಂದು ದಿನ ಹೊಸ ಸುತ್ತಿಗೆ ಹಾಕಲೇಬೇಕು. ಪಿಯಾನೊ ಕೊಳ್ಳಲು ಹಣ ಕೂಡಿಸುವವರು ಈ ಖರ್ಚನ್ನು ಮರೆಯುವುದೇ ಹೆಚ್ಚು.

ಲಿಸ್ಟರಿಗೂ ದಣಿವಾಯಿತು. 1847ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿ, 35ರ ವಯಸ್ಸಿಗೇ ಹಣಕ್ಕಾಗಿ ನುಡಿಸುವುದನ್ನು ನಿಲ್ಲಿಸಿದರು. ಅವರ ಬದುಕು ನಿಷ್ಕಳಂಕವಾಗಿತ್ತೆಂದು ನಾನು ಹೇಳಲಾರೆ; ಮದುವೆಯಿಲ್ಲದ ಸಂಬಂಧದಲ್ಲಿ ಅವರಿಗೆ ಮೂವರು ಮಕ್ಕಳು. ಅವರಲ್ಲಿ ಡೇನಿಯಲ್ 1859ರಲ್ಲಿ, ಬ್ಲಾಂಡೀನ್ 1862ರಲ್ಲಿ ತೀರಿಕೊಂಡರು. ಆ ದುಃಖ ಹೊತ್ತು ಲಿಸ್ಟ್ 1863ರಲ್ಲಿ ರೋಮಿನ ಮೋಂತೆ ಮಾರಿಯೋ ಗುಡ್ಡದ ಜಪಮಾಲೆ ಮಾತೆಯ ಮಠದಲ್ಲಿ ಕೋಣೆ ಹಿಡಿದರು. ಅಲ್ಲಿದ್ದದ್ದು ಒಂದು ಸಣ್ಣ ಪಿಯಾನೊ. ಅದರಲ್ಲೂ ಒಂದು ಸ್ವರ ಹೊರಡುತ್ತಿರಲಿಲ್ಲ. ವಾದ್ಯ ಮೇಲೆ ವಾದ್ಯ ಬದಲಿಸುತ್ತಿದ್ದವರು ಇದರಲ್ಲೇ ತೃಪ್ತರಾದರು. ಆ ವರ್ಷದ ಜುಲೈನಲ್ಲಿ ಜಗದ್ಗುರು ಒಂಬತ್ತನೇ ಪಯಸ್ ಆ ಕೋಣೆಗೇ ಬಂದು ಅವರ ವಾದನ ಕೇಳಿದರು.

1865ರಲ್ಲಿ ಲಿಸ್ಟ್ ಯಾಜಕದೀಕ್ಷೆಗಿಂತ ಕೆಳಗಿನ ಕಿರುದೀಕ್ಷೆಗಳನ್ನು ಪಡೆದರು. ಬಲಿಪೂಜೆ ಅರ್ಪಿಸುವ ಗುರುವಾಗಲಿಲ್ಲ. ನಿಲುವಂಗಿಯನ್ನು ಮಾತ್ರ ಬಿಡಲಿಲ್ಲ. ಬಂದ ಶಿಷ್ಯರಿಗೆ ಕಾಸು ಕೇಳದೆ ಕಲಿಸಿದರು. 1886ರ ಜುಲೈ 31ರಂದು ಜರ್ಮನಿಯ ಬೈರಾಯ್ಟ್‌ನಲ್ಲಿ ತೀರಿಕೊಂಡರು. ಬುಡಾಪೆಸ್ಟಿನಲ್ಲಿ ಅವರಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಬೋಸೆಂಡಾರ್ಫರ್ ಅವರಿಗೆಂದೇ ಮಾಡಿಕೊಟ್ಟ ಬರೆಯುವ ಮೇಜು ಅಲ್ಲಿದೆ. ಅದರ ಖಾನೆ ಎಳೆದರೆ ಒಂದು ಪುಟ್ಟ ಪಿಯಾನೊ ಹೊರಬರುತ್ತದೆ.