ಲೂಯಿ ಪಾಶ್ಚರ್: ಲಸಿಕೆಗೂ ಮೊದಲು ರೇಷ್ಮೆ ಹುಳುವಿನ ಹಿಂದೆ ಬಿದ್ದ ವಿಜ್ಞಾನಿ

ಲೂಯಿ ಪಾಶ್ಚರ್ ಎಂದೊಡನೆ ನೆನಪಾಗುವುದು ಹುಚ್ಚುನಾಯಿ ಕಡಿತದ ಲಸಿಕೆ. ಆ ರೋಗಕ್ಕೆ ಇಂದು ಪುಣೆಯ ಹಡಪಸರದಲ್ಲಿರುವ ಸೀರಮ್ ಇನ್‌ಸ್ಟಿಟ್ಯೂಟ್ ಕೂಡ ಲಸಿಕೆ ತಯಾರಿಸುತ್ತದೆ. ಆದರೆ 1885ರಲ್ಲಿ ಮೊದಲ ಬಾಲಕನಿಗೆ ಆ ಚುಚ್ಚುಮದ್ದು ಸಿಗುವುದಕ್ಕೆ 20 ವರ್ಷ ಮೊದಲು ಪಾಶ್ಚರ್ ಅವರ ತಲೆ ತುಂಬಾ ಇದ್ದದ್ದು ರೇಷ್ಮೆ ಹುಳು. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಅವರು ಹತ್ತಿರವಾಗುವುದು ಈ ಕೆಲಸದಿಂದ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸ್‌ನ ದೋಲ್ ಪಟ್ಟಣದಲ್ಲಿ. ತಂದೆ ಚರ್ಮ ಹದ ಮಾಡುವವರು. ಓದಿದ್ದು ರಸಾಯನಶಾಸ್ತ್ರ. ಹರಳುಗಳ ರಚನೆ, ವೈನ್ ಹುಳಿಯಾಗುವುದು ಇವುಗಳ ಅಧ್ಯಯನದಿಂದ ಹೆಸರು ಮಾಡಿದ್ದರು. 1865ರಲ್ಲಿ ಗುರು ಜೀನ್ ಬ್ಯಾಪ್ಟಿಸ್ಟ್ ಡ್ಯೂಮಾ ಒಂದು ಕೋರಿಕೆ ಇಟ್ಟರು. ದಕ್ಷಿಣ ಫ್ರಾನ್ಸ್‌ನಲ್ಲಿ ರೇಷ್ಮೆ ಹುಳುಗಳು ಸಾಯುತ್ತಿವೆ, ಹೋಗಿ ನೋಡಬೇಕು ಎಂಬುದು ಆ ಕೋರಿಕೆ.

ಪರಿಸ್ಥಿತಿ ನಿಜಕ್ಕೂ ಭೀಕರವಾಗಿತ್ತು. 1853ರಲ್ಲಿ ಫ್ರಾನ್ಸ್ ಸುಮಾರು 2.6 ಕೋಟಿ ಕೆಜಿ ಗೂಡು ಬೆಳೆದಿತ್ತು. 1865ರ ಹೊತ್ತಿಗೆ ಅದು 40 ಲಕ್ಷ ಕೆಜಿಗೆ ಕುಸಿಯಿತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಕಾಣುತ್ತಿದ್ದುದರಿಂದ ಅಲ್ಲಿನವರು ರೋಗವನ್ನು ಪೆಬ್ರಿನ್ ಎಂದರು. ನಮ್ಮ ರೈತರು ಗಂಟು ರೋಗ ಎನ್ನುವುದು ಇದನ್ನೇ. ಒಂದು ದೇಶದ ಮೊಟ್ಟೆ ಕೆಟ್ಟರೆ ಇನ್ನೊಂದು ದೇಶದಿಂದ ತರಿಸುತ್ತಿದ್ದರು. ಆ ಮೊಟ್ಟೆಯ ಜೊತೆ ರೋಗವೂ ಗಡಿ ದಾಟುತ್ತಿತ್ತು. ಕೊನೆಗೆ ಎಲ್ಲರ ಕಣ್ಣು ಜಪಾನಿನ ಮೇಲೆ ಬಿತ್ತು. ಅದೇ ದಶಕದಲ್ಲಿ ಮೈಸೂರು ಸೀಮೆಯಲ್ಲೂ ಹುಳು ಸಾಯತೊಡಗಿತ್ತು. ಕೆಂಗೇರಿಯಲ್ಲಿ ನೂಲು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದ ಇಟಲಿಯ ಡಿ ವೆಚ್ಚಿ ಕೂಡ ಜಪಾನಿನ ಮೊಟ್ಟೆಯನ್ನೇ ತರಿಸಿದರು.

ಪಾಶ್ಚರ್ ಅದುವರೆಗೆ ರೇಷ್ಮೆ ಹುಳು ಮುಟ್ಟಿದವರಲ್ಲ. ಕೀಟಶಾಸ್ತ್ರಜ್ಞ ಫಾಬ್ರ್ ಅವರ ಮನೆಯಲ್ಲಿ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆ ಎಂದು ಬೆರಗಾದರಂತೆ. ಅಲೆಸ್ ಪಟ್ಟಣದ ಬಳಿ ಬೀಡುಬಿಟ್ಟರು. ಹೆಂಡತಿ, ಮಗಳು, ಶಿಷ್ಯರು ಎಲ್ಲರೂ ಹುಳು ಸಾಕುವುದನ್ನು ಕಲಿತರು.

ರೋಗಪೀಡಿತ ಹುಳುವಿನೊಳಗೆ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಮೊಟ್ಟೆಯಾಕಾರದ ಕಣಗಳನ್ನು ಇಟಲಿಯ ವಿಜ್ಞಾನಿಗಳು ಮೊದಲೇ ಕಂಡಿದ್ದರು. ಅವು ರೋಗದ ಕಾರಣವಲ್ಲ, ಬರೀ ಲಕ್ಷಣ ಎಂದು ಪಾಶ್ಚರ್ ಸುಮಾರು ಎರಡು ವರ್ಷ ನಂಬಿದ್ದರು. ಅವು ಪರಾವಲಂಬಿ ಜೀವಿಗಳೆಂದು ಪ್ರತಿಸ್ಪರ್ಧಿ ಬೆಶಾಂಪ್ ಅವರಿಗಿಂತ ಮೊದಲೇ ಹೇಳಿದ್ದರು. ಈ ವಿಷಯದಲ್ಲಿ ಸರಿ ಇದ್ದವರು ಬೆಶಾಂಪ್. ಆದರೆ ರೈತನ ಕೈಗೆ ಉಪಾಯ ಕೊಟ್ಟವರು ಪಾಶ್ಚರ್.

ಉಪಾಯ ಸರಳ. ಪ್ರತಿ ಹೆಣ್ಣು ಚಿಟ್ಟೆ ಬೇರೆ ಬೇರೆಯಾಗಿ ಮೊಟ್ಟೆ ಇಡಲಿ. ಆಮೇಲೆ ಆ ತಾಯಿ ಚಿಟ್ಟೆಯನ್ನು ಖಲ್ಲಿನಲ್ಲಿ ನೀರು ಹಾಕಿ ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಬಂದ ರೋಗಕ್ಕೆ ಮದ್ದಿಲ್ಲ. ತಾಯಿಯಿಂದ ಮರಿಗೆ ದಾಟುವ ದಾರಿ ಮುಚ್ಚಬಹುದು, ಅಷ್ಟೆ. ಮೊಟ್ಟೆ ವ್ಯಾಪಾರಿಗಳು ಗೊಣಗಿದರು. ಆಗ ಪಾಶ್ಚರ್ 14 ತಂಡದ ಮೊಟ್ಟೆಗಳ ಭವಿಷ್ಯವನ್ನು ಮೊದಲೇ ಬರೆದು ಸೇಂಟ್ ಹಿಪೊಲಿಟ್‌ನ ಮೇಯರ್ ಕೈಗೆ ಕೊಟ್ಟಿಟ್ಟರು. ಬೆಳೆ ಮುಗಿದಾಗ 12 ಹಾಗೆಯೇ ಆಗಿದ್ದವು.  ಪಾಶ್ಚರ್ ಅವರನ್ನು ಇನ್ನೊಂದು ರೋಗವೂ ಕಾಡಿತು, ಅದು ನಮ್ಮಲ್ಲಿನ ಸಪ್ಪೆ ರೋಗ.

ಈ ಅವಧಿಯಲ್ಲಿ ಮನೆಯಲ್ಲಿ ಸಾವಿನ ಮೇಲೆ ಸಾವು. 1865ರಲ್ಲಿ ತಂದೆ ಮತ್ತು ಎರಡು ವರ್ಷದ ಮಗಳು ಕಮೀಲ್, 1866ರ ಮೇನಲ್ಲಿ 12ರ ಹರೆಯದ ಸೆಸಿಲ್ ತೀರಿಕೊಂಡರು. 1868ರ ಅಕ್ಟೋಬರ್‌ನಲ್ಲಿ ಅವರಿಗೇ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ವಯಸ್ಸು 45. ವಾರದೊಳಗೆ ಹಾಸಿಗೆಯಿಂದಲೇ ರೇಷ್ಮೆ ಹುಳುವಿನ ಟಿಪ್ಪಣಿ ಹೇಳಿ ಬರೆಸಿದರು. ಕೆಲ ತಿಂಗಳಲ್ಲಿ ಮತ್ತೆ ಹುಳು ಮನೆಗೆ ಮರಳಿದರು. 1870ರಲ್ಲಿ ಪುಸ್ತಕ ಹೊರಬಂತು. ಕೋಳಿ ಕಾಲರಾ, ಅಂಥ್ರಾಕ್ಸ್, ಹುಚ್ಚುನಾಯಿ ರೋಗದ ಕೆಲಸವೆಲ್ಲ ಆ ನಂತರದ್ದು. 1895ರ ಸೆಪ್ಟೆಂಬರ್ 28ರಂದು ನಿಧನರಾದರು.

ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯನ್ನು ಅರೆದು ನೋಡುತ್ತಾರೆ. ರೋಗರಹಿತ ಮೊಟ್ಟೆ ಎಂಬ ಮಾತಿನ ಬೇರು ಅಲ್ಲಿದೆ. ಇತ್ತೀಚೆಗೆ ಸಿಗಡಿ ಕೃಷಿಕರನ್ನು ಕಂಗೆಡಿಸಿರುವ ಇಎಚ್‌ಪಿ ಕೂಡ ಗಂಟು ರೋಗದ ಕಣದ ಬಳಗದ್ದೇ. ಸಿಗಡಿ ಸಾಯುವುದಿಲ್ಲ, ಬೆಳೆಯುವುದೇ ಇಲ್ಲ. ಮೇವಿನ ಖರ್ಚು ಮಾತ್ರ ಏರುತ್ತದೆ. ಇದಕ್ಕೂ ನೆಚ್ಚಬಹುದಾದ ಮದ್ದಿಲ್ಲ. ಹಾಗಾಗಿ ವಿದೇಶದಿಂದ ಬರುವ ವನಾಮಿ ತಾಯಿ ಸಿಗಡಿಗಳನ್ನು ಚೆನ್ನೈನ ನೀಲಾಂಕರೈ ಕ್ವಾರಂಟೈನ್ ಕೇಂದ್ರದಲ್ಲಿ ಇಟ್ಟು ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕದ ಜಾಗಕ್ಕೆ ಪಿಸಿಆರ್ ಬಂದಿದೆ. ಯಾವ ದೇಶದಲ್ಲಿ ಯಾವ ಪ್ರಾಣಿರೋಗ ಕಾಣಿಸಿತು ಎಂಬ ವರದಿಗಳು ಹೋಗುವುದು 1924ರಲ್ಲಿ ಶುರುವಾದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಗೆ. ಅದರ ಕಚೇರಿ ಇರುವುದು ಪಾಶ್ಚರ್ ಪ್ರಯೋಗಾಲಯ ನಡೆಸಿದ ಪ್ಯಾರಿಸ್‌ನಲ್ಲೇ.