ಮಕ್ಕಳಿಗೆ ಕಥೆ ಕೊಟ್ಟ ಪಂಜೆ ಮಾಸ್ಟ್ರು

ಧರ್ಮಸ್ಥಳದಿಂದ ಮಂಗಳೂರಿಗೆ ಬಸ್ ಹತ್ತಿದರೆ ಬೆಳ್ತಂಗಡಿ, ಗುರುವಾಯನಕೆರೆ ದಾಟಿದ ಮೇಲೆ ಬಂಟ್ವಾಳ ಸಿಗುತ್ತದೆ. ಕಾಲೇಜು, ಇಂಟರ್‌ವ್ಯೂ ಎಂದು ಓಡಾಡುವ ನಮಗೆ ಅದು ದಾರಿಯ ಒಂದು ಸ್ಟಾಪ್ ಅಷ್ಟೆ. ಆದರೆ ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲ ರಾಗವಾಗಿ ಹಾಡಿದ ಹಾವಿನ ಹಾಡನ್ನು ಬರೆದ ಪಂಜೆ ಮಂಗೇಶರಾಯರು ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ, 1874ರ ಫೆಬ್ರವರಿ 22ರಂದು.

ಅವರ ಮನೆಮಾತು ಕೊಂಕಣಿ. ಬೀದಿಗೆ ಬಂದರೆ ತುಳು, ಶಾಲೆಗೆ ಹೋದರೆ ಕನ್ನಡ. ತಂದೆ ಬೇಗ ತೀರಿಕೊಂಡದ್ದರಿಂದ ಚಿಕ್ಕ ವಯಸ್ಸಿನಲ್ಲೇ ಮನೆಯ ಭಾರ ಹೆಗಲಿಗೆ ಬಿತ್ತು. ಓದು ಮುಗಿಸಿ ಕೆಲಸ ಹುಡುಕೋಣ ಎನ್ನುವ ಅನುಕೂಲ ಅವರಿಗಿರಲಿಲ್ಲ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮುನ್ಷಿಯಾಗಿ ಸೇರಿ, ದುಡಿಯುತ್ತಲೇ ಪದವಿ ಪಡೆದರು. ಮುಂದೆ ಶಾಲಾ ಇನ್‌ಸ್ಪೆಕ್ಟರ್ ಆದರು, ಕೊಡಗಿನಲ್ಲೂ ಕೆಲಸ ಮಾಡಿದರು. ಅಲ್ಲಿನ ಬೆಟ್ಟ, ಮಳೆ, ಜನರನ್ನು ಕಂಡು ಬರೆದದ್ದೇ ಹುತ್ತರಿ ಹಾಡು.

ಗೆಳೆಯ ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ ಪಂಜೆಯವರು 1900ರ ಹೊತ್ತಿಗೇ ಕಥೆ ಬರೆದರು. ಕನ್ನಡದ ಮೊದಲ ಸಣ್ಣಕಥೆಗಾರರಲ್ಲಿ ಅವರ ಹೆಸರು ಬರುವುದು ಇದರಿಂದಲೇ. ದೊಡ್ಡವರಿಗಾಗಿ ಬರೆದು ಹೆಸರು ಮಾಡಬಹುದಿತ್ತು. ಆದರೆ ಮಕ್ಕಳಿಗೆ ಕನ್ನಡದಲ್ಲಿ ಖುಷಿಯಿಂದ ಓದುವ ಪುಸ್ತಕವೇ ಕಡಿಮೆ ಎಂಬುದು ಈ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಂಗಳೂರಿನಲ್ಲಿ ಗೆಳೆಯರೊಂದಿಗೆ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಗುಡುಗುಡು ಗುಮ್ಮಟ ದೇವರು, ಸಿಗಡಿ ಯಾಕೆ ಒಣಗಲಿಲ್ಲ? ಮುಂತಾದ ಕಥೆಗಳನ್ನು ಬರೆದರು. ಸಿಗಡಿಯ ಹೆಸರು ಕೇಳಿದರೇ ಇದು ನಮ್ಮ ಕಡಲ ಕರೆಯ ಕಥೆ ಎಂದು ತಿಳಿಯುತ್ತದೆ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರ 'ಕೋಟಿ ಚೆನ್ನಯ'. ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ತುಳು ಪಾಡ್ದನದ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಪಡುಮಲೆಯ ಬಲ್ಲಾಳನ ಗಾಯವನ್ನು ದೇಯಿ ಬೈದೆತಿ ಮದ್ದು ಮಾಡಿ ಗುಣಪಡಿಸುತ್ತಾಳೆ. ಅವಳ ಮಕ್ಕಳಿಗೆ ಕೊಡಬೇಕಾದ್ದನ್ನು ಕೊಡುವೆನೆಂದ ಅರಸ, ಅವಳಿ ಮಕ್ಕಳು ಬೆಳೆದು ಬಂದು ಕೇಳಿದಾಗ ಮಾತಿಗೆ ತಪ್ಪುತ್ತಾನೆ. ಅಣ್ಣ ತಮ್ಮ ಊರು ಬಿಡುತ್ತಾರೆ. ಪಂಜದಲ್ಲಿ ಮೋಸದ ಸೆರೆ, ಅಲ್ಲಿಂದ ಪಾರಾಗಿ ಎಣ್ಮೂರು. ಎಣ್ಮೂರಿನ ಬಲ್ಲಾಳ ಆಸರೆ ಕೊಡುತ್ತಾನೆ. ಯುದ್ಧ ಬಂದಾಗ ಅವನ ಪರ ನಿಂತು ಕೋಟಿ ಮಡಿಯುತ್ತಾನೆ. ಅಣ್ಣನಿಲ್ಲದೆ ಬದುಕಲಾರದೆ ಚೆನ್ನಯನೂ ಪ್ರಾಣ ಬಿಡುತ್ತಾನೆ. ಸಾಹಸ, ಸ್ನೇಹ, ಕೊಟ್ಟ ಮಾತು ಎಲ್ಲವೂ ಇದರಲ್ಲಿದೆ. ಮಾತು ತಪ್ಪಿದ ಅರಸನಿಗೆ ಉಳಿದದ್ದು ಅಪಕೀರ್ತಿ, ಮಾತಿಗೆ ನಿಂತವರಿಗೆ ಇಂದಿಗೂ ತುಳುನಾಡಿನ ಊರೂರಲ್ಲಿ ಗರಡಿ.

ಕೊಂಕಣಿ ಮನೆಯ ಹುಡುಗ ತುಳುವರ ವೀರರನ್ನು ಕನ್ನಡದ ಮಕ್ಕಳ ಕೈಗೆ ಕೊಟ್ಟದ್ದು ಸಣ್ಣ ಕೆಲಸವಲ್ಲ. ತುಳು ಬಾರದ ಓದುಗರಿಗೂ ಈ ಅಣ್ಣತಮ್ಮಂದಿರು ಪರಿಚಯವಾದರು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ತಮ್ಮನ್ನು 'ಕವಿಶಿಷ್ಯ' ಎಂದು ಕರೆದುಕೊಂಡಿದ್ದ ಅವರು 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಮೊದಲು ಕೆಲಸ ಸಿಗಲಿ, ಆಮೇಲೆ ಇಷ್ಟದ್ದನ್ನು ಮಾಡೋಣ ಎಂದು ನಾವು ದಿನ ಮುಂದೂಡುತ್ತೇವೆ. ಪಂಜೆಯವರಿಗೂ ಮನೆಯ ಜವಾಬ್ದಾರಿ, ಸರ್ಕಾರಿ ನೌಕರಿ, ಊರೂರು ತಿರುಗಾಟ ಎಲ್ಲ ಇತ್ತು. ಅದರ ನಡುವೆಯೇ ಸಮಯ ಮಾಡಿಕೊಂಡು ಬರೆದರು. ಅವರು ಎಷ್ಟು ಶಾಲೆಗಳ ತಪಾಸಣೆ ಮಾಡಿದರೆಂದು ಇಂದು ಯಾರೂ ಕೇಳುವುದಿಲ್ಲ. ಅವರ ಹಾವಿನ ಹಾಡು ಮಾತ್ರ ಒಂದನೇ ಕ್ಲಾಸಿನ ಮಗುವಿಗೂ ಬಾಯಿಪಾಠ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಇವತ್ತು ರಾತ್ರಿ ಮೊಬೈಲ್ ಬದಿಗಿಟ್ಟು ಕೋಟಿ ಚೆನ್ನಯರ ಕಥೆ ಹೇಳಿ ನೋಡಿ.