ಬೆಟ್ಟಿ ರಾಬಿನ್‌ಸನ್

ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿ ರಿವರ್‌ಡೇಲ್ ಎಂಬುದೊಂದು ಸಣ್ಣ ಊರು. ಬೆಟ್ಟಿ ರಾಬಿನ್‌ಸನ್ ಎಂಬ ಬಾಲಿಕೆಯು 1911ನೆಯ ಇಸವಿ ಆಗಸ್ಟ್ 23ರಂದು ಅಲ್ಲಿ ಜನಿಸಿದಳು. ಹೈಸ್ಕೂಲಿನಲ್ಲಿ ಕಲಿಯುತ್ತಿದ್ದಾಗ ಒಂದು ದಿನ, ಹೊರಡಲನುವಾಗಿದ್ದ ರೈಲುಬಂಡಿಯನ್ನು ಹಿಡಿಯುವುದಕ್ಕಾಗಿ ಈಕೆ ಓಡಿದಳು. ಬಂಡಿಯೊಳಗಿಂದ ನೋಡುತ್ತಿದ್ದವರು ಆಕೆಯ ಜೀವಶಾಸ್ತ್ರದ ಉಪಾಧ್ಯಾಯರಾದ ಚಾರ್ಲ್ಸ್ ಪ್ರೈಸ್. ಇವಳಿಗೆ ಬಂಡಿ ತಪ್ಪಿತೆಂದೇ ಅವರು ಎಣಿಸಿದ್ದರು. ಹುಡುಗಿಯು ಒಳಗೆ ಬಂದುದನ್ನು ಕಂಡು ಬೆರಗಾದರು. ಶಾಲೆಯ ಓಟಗಾರರಿಗೆ ತರಬೇತು ಕೊಡುತ್ತಿದ್ದವರೂ ಅವರೇ. ಮೊಗಸಾಲೆಯಲ್ಲಿಯೇ ಆಕೆಯನ್ನು ಓಡಿಸಿ ಗಡಿಯಾರ ಹಿಡಿದು ನೋಡಿದರು. ಹುಡುಗಿಯರ ತಂಡವು ಆ ಶಾಲೆಯಲ್ಲಿ ಇಲ್ಲದಿದ್ದುದರಿಂದ ಹುಡುಗರ ಜೊತೆಯಲ್ಲಿ ಅಭ್ಯಾಸ ಸಾಗಿತು. ಪಾಠ ಹೇಳುವವರ ಕಣ್ಣು ಪುಸ್ತಕದಿಂದಾಚೆಗೂ ಹೋಗಬೇಕೆಂದು ನಮ್ಮ ಉಪಾಧ್ಯಾಯಿನಿಯರಿಗೆ ಹೇಳುವಾಗ ನಾನು ಈ ಪ್ರೈಸ್ ಅವರನ್ನು ಸ್ಮರಿಸುವುದುಂಟು.

ಮೊದಲ ಪಂದ್ಯವನ್ನು ಓಡಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1928ರಲ್ಲಿ, ಆಕೆಯು ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕ್ರೀಡೆಗಳಿಗೆ ಹೋದಳು. ಸ್ತ್ರೀಯರಿಗೆ ಅಲ್ಲಿ ಓಟದ ಪಂದ್ಯಗಳನ್ನು ಇಟ್ಟದ್ದು ಅದೇ ಮೊದಲು; ಇದು ಹೆಂಗಸರಿಗೆ ತಕ್ಕದ್ದಲ್ಲವೆಂದು ಆಕ್ಷೇಪಿಸಿದವರು ಆ ದೇಶಗಳಲ್ಲಿಯೂ ಕಡಿಮೆಯಿರಲಿಲ್ಲ. ನೂರು ಮೀಟರು ದೂರವನ್ನು 12.2 ಸೆಕೆಂಡುಗಳಲ್ಲಿ ಓಡಿ, ಹದಿನಾರು ವರ್ಷದ ಬೆಟ್ಟಿ ಸುವರ್ಣ ಪದಕವನ್ನು ಪಡೆದಳು. ನಾಲ್ವರ ರಿಲೇ ಓಟದಲ್ಲಿ ಬೆಳ್ಳಿಯ ಪದಕವೂ ದೊರೆಯಿತು.

1931ನೆಯ ಇಸವಿ ಜೂನ್ 28ರಂದು ಆಕೆಯು ತನ್ನ ಬಂಧುವೊಬ್ಬನ ಸಣ್ಣ ವಿಮಾನದಲ್ಲಿ ಮೇಲೇರಿದಳು. ವಿಮಾನವು ಕೆಳಗೆ ಬಿದ್ದು ನುಚ್ಚುನೂರಾಯಿತು. ಪ್ರಜ್ಞೆಯಿಲ್ಲದೆ ಬಿದ್ದಿದ್ದವಳನ್ನು ಕಂಡವನು ಸತ್ತಳೆಂದೇ ತಿಳಿದು ಹೆಣ ಸಾಗಿಸುವವರಲ್ಲಿಗೆ ಒಯ್ದನೆಂದು ಹೇಳುವರು. ತೋಳು ಮುರಿದಿತ್ತು, ಕಾಲಿನ ಎಲುಬು ಹಲವು ಕಡೆ ಒಡೆದಿತ್ತು. ವೈದ್ಯರು ಲೋಹದ ಸಲಾಕಿಯನ್ನಿಟ್ಟು ಎಲುಬನ್ನು ಕೂಡಿಸಿದರು. ಓಡುವ ಮಾತಂತಿರಲಿ, ಸರಿಯಾಗಿ ನಡೆಯುವುದೇ ಸಂಶಯವೆನಿಸಿತ್ತು. 1932ರ ಲಾಸ್ ಏಂಜಲೀಸ್ ಕ್ರೀಡೆಗಳು ಆಕೆಯಿಲ್ಲದೆ ನಡೆದುಹೋದವು. ಗಾಲಿಕುರ್ಚಿ, ಬಳಿಕ ಊರುಗೋಲು, ಬಳಿಕ ಕುಂಟುನಡಿಗೆ. ಹೀಗೆ ಸುಮಾರು ಎರಡು ವರ್ಷ ಕಳೆದ ಮೇಲೆ ನಡಿಗೆಯು ಹತೋಟಿಗೆ ಬಂದಿತು. ಅಲ್ಲಿಂದ ಮುಂದೆ ಮೆಲ್ಲನೆಯ ಓಟ. ಮಕ್ಕಳ ಮುರಿದ ಕಾಲು ಕೂಡಿದ ಮರುವಾರವೇ ಅವರನ್ನು ಆಟಕ್ಕೆ ಕಳುಹಿಸಬೇಕೆಂದು ಕೇಳುವ ತಾಯಿತಂದೆಗಳು ಈ ಕಾಲಗಣನೆಯನ್ನು ದಯವಿಟ್ಟು ಗಮನಿಸಬೇಕು.

ವೇಗವು ಮರಳಿತು, ಮೊಣಕಾಲು ಮಾತ್ರ ಪೂರ್ಣವಾಗಿ ಬಾಗಲಿಲ್ಲ. ನೂರು ಮೀಟರು ಓಟದವರು ನೆಲಕ್ಕೆ ಕೈಯೂರಿ, ಮೊಣಕಾಲು ಮಡಿಸಿ ಕುಳಿತು, ಸನ್ನೆಯಾದೊಡನೆ ಚಿಮ್ಮಬೇಕು. ಇದು ಆಕೆಗೆ ಇನ್ನು ಸಾಧ್ಯವಿರಲಿಲ್ಲ. ತಾನು ಗೆದ್ದ ಪಂದ್ಯವೇ ತನಗೆ ಮುಚ್ಚಿಹೋದುದನ್ನು ಒಪ್ಪಿಕೊಳ್ಳುವುದು ಎಲುಬಿನ ನೋವಿಗಿಂತ ಕಠಿಣವಾಗಿದ್ದಿರಬೇಕೆಂದು ನನಗೆ ತೋರುತ್ತದೆ. ಆದರೆ ರಿಲೇ ಓಟದಲ್ಲಿ ಮೊದಲನೆಯವಳ ಹೊರತು ಉಳಿದ ಮೂವರು ನಿಂತುಕೊಂಡೇ ಕೋಲಿಗಾಗಿ ಕಾಯುವರು. ಆ ಸ್ಥಾನಕ್ಕಾಗಿ ಆಕೆಯು ದುಡಿದಳು, 1936ರಲ್ಲಿ ಬರ್ಲಿನ್ನಿಗೆ ಹೋಗುವ ತಂಡದಲ್ಲಿ ಸೇರಿದಳು.

ಅಲ್ಲಿ ಜರ್ಮನಿಯ ಹುಡುಗಿಯರು ಪೂರ್ವಭಾವಿ ಓಟದಲ್ಲಿ 46.4 ಸೆಕೆಂಡುಗಳ ಜಾಗತಿಕ ದಾಖಲೆಯನ್ನು ಮಾಡಿದ್ದರು. ಅಂತಿಮ ಓಟದಲ್ಲಿಯೂ ಅವರೇ ಬಹಳ ಮುಂದಿದ್ದರು. ಹ್ಯಾರಿಯೆಟ್ ಬ್ಲಾಂಡ್, ಆನೆಟ್ ರಾಜರ್ಸ್ ಇವರ ನಂತರ ಬೆಟ್ಟಿ ಮೂರನೆಯವಳಾಗಿ ಓಡಿ ಹೆಲೆನ್ ಸ್ಟೀವನ್ಸ್ ಎಂಬವಳ ಕೈಗೆ ಕೋಲನ್ನು ಮುಟ್ಟಿಸಿದಳು. ಅದೇ ಕೊನೆಯ ಬದಲಾವಣೆಯಲ್ಲಿ ಜರ್ಮನಿಯ ಇಲ್ಸೆ ಡಾರ್ಫೆಲ್ಟಳ ಕೈಯಿಂದ ಕೋಲು ಜಾರಿ ಬಿದ್ದಿತು. ಅಮೆರಿಕದವರು 46.9 ಸೆಕೆಂಡುಗಳಲ್ಲಿ ಗೆದ್ದರು. ಇದನ್ನು ಅದೃಷ್ಟವೆನ್ನುವವರುಂಟು. ಕೋಲನ್ನು ಬೀಳಿಸದೆ ಒಪ್ಪಿಸುವುದೂ ಆ ಓಟದ ಭಾಗವೇ ಅಲ್ಲವೇ?

ಅನಂತರ ಆಕೆಯು ಪಂದ್ಯಗಳಿಂದ ನಿವೃತ್ತಳಾಗಿ, 1939ರಲ್ಲಿ ರಿಚರ್ಡ್ ಶ್ವಾರ್ಟ್ಸ್ ಎಂಬವರನ್ನು ವಿವಾಹವಾದಳು. ಇತರರ ಓಟಗಳಿಗೆ ಕಾಲ ಅಳೆಯುವವಳಾಗಿ ಬಹುಕಾಲ ಮೈದಾನಕ್ಕೆ ಬರುತ್ತಿದ್ದಳು. 1996ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಒಲಿಂಪಿಕ್ ಜ್ಯೋತಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ದೂರ ನಡೆದಳು. 1999ನೆಯ ಇಸವಿ ಮೇ 18ರಂದು ತೀರಿಕೊಂಡಳು.